ಬಲೆ ತಡೆದ ತಾಂಡೇಲ

ಕಡಲಿಗೆ ಕಬ್ಬಿಣ ತಿನ್ನಿಸಿದರೆ ಭೂಮಿಯ ಜ್ವರ ಇಳಿಯುತ್ತದೆ ಎಂದು ದೊಡ್ಡ ದೊಡ್ಡ ದೇಶಗಳವರೆಲ್ಲ ಸೇರಿ ತೀರ್ಮಾನಿಸಿದಾಗ ಸನ್ನಿಧಿ ಇನ್ನೂ ಹೈಸ್ಕೂಲಿನಲ್ಲಿದ್ದಳು. ಹೊಳೆಕೋಡಿಯ ಶಾಲೆಯ ವಿಜ್ಞಾನದ ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದ್ದರು. ಕಡಲಿನ ಮೇಲ್ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳಿವೆ. ಅವಕ್ಕೆ ಬಿಸಿಲಿದೆ, ನೀರಿದೆ, ಬೇಕಾದ ಉಪ್ಪುಗಳಿವೆ. ಇಲ್ಲದಿರುವುದು ಚಿಟಿಕೆ ಕಬ್ಬಿಣ. ನಡುಗಡಲಿನಲ್ಲಿ ಕಬ್ಬಿಣದ ಪುಡಿ ಚೆಲ್ಲಿದರೆ ಅವು ಮಳೆ ಬಿದ್ದ ಗದ್ದೆಯ ಕಳೆಯಂತೆ ಎದ್ದು ಬರುತ್ತವೆ, ಗಾಳಿಯಲ್ಲಿ ತುಂಬಿಕೊಂಡಿರುವ ಇಂಗಾಲದ ಡೈಆಕ್ಸೈಡನ್ನು ಹೀರುತ್ತವೆ, ಆಮೇಲೆ ಸತ್ತು ತಳಕ್ಕಿಳಿಯುತ್ತವೆ. ಹೀರಿದ ಇಂಗಾಲವೂ ಅವುಗಳ ಜತೆಗೇ ಪಾತಾಳ ಸೇರುತ್ತದೆ. ಇಷ್ಟೇ ವಿಷಯ. ಕೇಳಿದ ಯಾರಿಗಾದರೂ ಹೌದಲ್ಲ ಎನಿಸಬೇಕು, ಅಷ್ಟು ಸರಳವಾಗಿತ್ತು.

ಸನ್ನಿಧಿಗೂ ಹೌದೆನಿಸಿತು. ಎಷ್ಟರಮಟ್ಟಿಗೆಂದರೆ ಅವಳು ಅದನ್ನೇ ಓದಿದಳು, ಅದರಲ್ಲೇ ಡಾಕ್ಟರೇಟ್ ಮಾಡಿದಳು, ಮಂಗಳೂರಿನ ಕಡಲ ಇಂಗಾಲ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಳು. ಅವಳನ್ನು ಓದಿಸಿದವನು ಸೋದರಮಾವ ಭುಜಂಗ. ಅಪ್ಪ ಅಮ್ಮ ಇಬ್ಬರನ್ನೂ ಸಣ್ಣವಳಿದ್ದಾಗಲೇ ಕಳೆದುಕೊಂಡಿದ್ದಳು. ಕಡಲ ಮೀನುಗಾರರಾದ ಮೊಗವೀರರ ಮನೆಗಳಲ್ಲಿ ಅಕ್ಕನ ಮಕ್ಕಳೆಂದರೆ ಮಾವನ ಹೊಣೆ. ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಭುಜಂಗ ಹೇಳಿಸಿಕೊಳ್ಳುವ ಪೈಕಿಯೂ ಅಲ್ಲ. ಸ್ವಂತ ಮಕ್ಕಳಿಲ್ಲದ ಅವನೂ ಅವನ ಹೆಂಡತಿ ಲೀಲಾವತಿಯೂ ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ್ದರು.

ಭುಜಂಗ ಹೊಳೆಕೋಡಿಯ ರಂಪಣಿ ಬಲೆಯ ತಾಂಡೇಲ, ಎಂದರೆ ಮೀನುಗಾರರ ಮುಂದಾಳು. ಡೀಸೆಲ್ ದೋಣಿಗಳನ್ನು ಸರ್ಕಾರ ನಿಲ್ಲಿಸಿದ ಮೇಲೆ ಅಜ್ಜಂದಿರ ಕಾಲದ ರಂಪಣಿ ಮತ್ತೆ ಅಟ್ಟದಿಂದ ಇಳಿದು ಬಂದಿತ್ತು. ಉದ್ದದ ಬಲೆಯನ್ನು ದೋಣಿಯಲ್ಲಿ ಒಯ್ದು ಕಡಲಿಗೆ ಅರ್ಧಚಂದ್ರದಂತೆ ಸುತ್ತು ಹಾಕಿ, ಎರಡೂ ತುದಿಯ ಹಗ್ಗಗಳನ್ನು ದಡದಿಂದ ಊರಿಗೆ ಊರೇ ಎಳೆಯುವ ಕೆಲಸ ಅದು. ಮುದುಕರು, ಬಸುರಿಯರು, ಶಾಲೆ ತಪ್ಪಿಸಿದ ಹುಡುಗರು ಎಲ್ಲರೂ ಹಗ್ಗ ಹಿಡಿಯುವವರೇ. ಆದರೆ ತಾಂಡೇಲ ನೀರು ನೋಡಿ, ಹೆಗಲ ಮೇಲಿನ ಬೈರಾಸು ವಸ್ತ್ರ ತೆಗೆದು ಬೀಸುವ ತನಕ ದೋಣಿ ಮರಳು ಬಿಟ್ಟು ಅಲುಗುವಂತಿಲ್ಲ. ನೀರಿನ ಬಣ್ಣ, ಹಕ್ಕಿಗಳ ಹಾರಾಟ, ತೆರೆ ಮುರಿಯುವ ರೀತಿ ನೋಡಿ ಬಂದಿರುವುದು ಬಂಗುಡೆ ಮೀನೋ ಬೈಗೆ ಮೀನೋ ಎಂದು ಭುಜಂಗ ಹೇಳಿಬಿಡುತ್ತಿದ್ದ. ಒಮ್ಮೊಮ್ಮೆ ತಪ್ಪುತ್ತಿತ್ತು, ಇಲ್ಲವೆಂದಲ್ಲ. ಆದರೂ ಅವನ ಬೈರಾಸಿನ ಮೇಲೆ ಊರಿಗೆ ನಂಬಿಕೆಯಿತ್ತು.

ಕಬ್ಬಿಣ ಚೆಲ್ಲಲು ಶುರುವಾದ ಮೊದಲ ವರ್ಷಗಳಲ್ಲಿ ಊರಿಗೆ ಸುಗ್ಗಿಯೋ ಸುಗ್ಗಿ. ಕಡಲಲ್ಲಿ ಹಸಿರು ಹೆಚ್ಚಿತು, ಹಸಿರು ತಿನ್ನುವ ಬೈಗೆ ಹೆಚ್ಚಿತು. ಸನ್ನಿಧಿ ರಜೆಯಲ್ಲಿ ಊರಿಗೆ ಬಂದರೆ ಮೀನು ಮಾರುವ ಪದ್ದಕ್ಕ ಬುಟ್ಟಿ ಇಳಿಸಿ ಕೂಗುತ್ತಿದ್ದಳು, "ಕಾಣಿ, ಕಡಲಿಗೆ ಟಾನಿಕ್ ಕೊಡು ಡಾಕ್ಟ್ರಮ್ಮ ಬಂದ್ರ್!" ದಡದಲ್ಲಿದ್ದವರೆಲ್ಲ ನಗುತ್ತಿದ್ದರು. ಸನ್ನಿಧಿ ನಾಚಿಕೊಂಡರೂ ಒಳಗೊಳಗೆ ಹಿಗ್ಗುತ್ತಿದ್ದಳು. ಹಿಗ್ಗದೆ ಇನ್ನೇನು? ಜಗತ್ತನ್ನೂ ಊರನ್ನೂ ಒಟ್ಟಿಗೆ ಉದ್ಧಾರ ಮಾಡುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ?

ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಗೋಡೆಯಗಲದ ಪರದೆಯ ಮೇಲೆ ಅರಬ್ಬೀ ಕಡಲು ಹಗಲಿರುಳೂ ಬಣ್ಣ ಬದಲಿಸುತ್ತಿರುತ್ತದೆ. ಹಸಿರು ಎಂದರೆ ಸಸ್ಯ ಎದ್ದಿರುವ ಜಾಗ. ನೇರಳೆ ಎಂದರೆ ಉಸಿರಿಲ್ಲದ ನೀರು. ತಳಕ್ಕಿಳಿದ ಸಸ್ಯ ಸುಮ್ಮನೆ ಮಲಗುವುದಿಲ್ಲ, ಕೊಳೆಯುತ್ತದೆ; ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ತಿನ್ನುತ್ತದೆ. ಅರಬ್ಬೀ ಕಡಲಿನ ನಡುವಿನ ಪದರ ಮೊದಲೇ ಏದುಸಿರಿನದು. ಅದರ ಮೇಲೆ ವರ್ಷ ವರ್ಷವೂ ಕೊಳೆತ ಹೊರೆ ಇಳಿದರೆ ಕೇಳಬೇಕೇ? ಆ ನೀರು ಆಳದಲ್ಲೇ ಇರುವ ತನಕ ಯಾರಿಗೂ ತೊಂದರೆಯಿಲ್ಲ. ಆದರೆ ಮಳೆಗಾಲದ ಗಾಳಿ ದಡದ ಮೇಲ್ನೀರನ್ನು ಆಚೆ ತಳ್ಳುತ್ತದೆ, ಖಾಲಿಯಾದ ಜಾಗಕ್ಕೆ ಆಳದ ನೀರು ಏರಿ ಬರುತ್ತದೆ.

ಆ ವರ್ಷ ಮಳೆಗಾಲದ ಕೊನೆಯಲ್ಲಿ ಒಂದು ಬೆಳಿಗ್ಗೆ ನೇರಳೆಯ ನಾಲಗೆಯೊಂದು ಕುಂದಾಪುರದ ಬಡಗು ಕರಾವಳಿಯತ್ತ ಚಾಚಿಕೊಂಡಿತ್ತು. ಸನ್ನಿಧಿ ಲೆಕ್ಕ ಹಾಕಿ ನೋಡಿದಳು. ನಾಲಗೆ ಹೊಳೆಕೋಡಿಯ ಮುಂದೆ ಆಳ ಕಡಿಮೆಯಾಗುವಲ್ಲಿ ನಿಲ್ಲುತ್ತದೆ. ಅಲ್ಲಿಂದ ದಡದವರೆಗಿನ ಕಿರಿದಾದ ಪಟ್ಟಿಯಲ್ಲಿ ಅಲೆ ಹೊಡೆದು ಗಾಳಿ ಬೆರೆಯುವುದರಿಂದ ನೀರಿಗೆ ಉಸಿರಿರುತ್ತದೆ. ಕೆಲವು ದಿನಗಳಲ್ಲಿ ಮಾರುತ ತಗ್ಗುತ್ತದೆ, ನಾಲಗೆ ಹಿಂದೆ ಸರಿಯುತ್ತದೆ. ಅಲ್ಲಿಯವರೆಗೆ ಆ ಕರಾವಳಿಯ ಮೀನೆಲ್ಲ ದಡದ ಪಟ್ಟಿಗೆ ಬಂದು ತುಂಬಿಕೊಳ್ಳುತ್ತದೆ.

"ಮೀನುಗಾರರಿಗೆ ಹೇಳಬೇಕು ಸಾರ್. ದಡಕ್ಕೆ ಬಂದ ಮೀನು ಹಿಡಿಯಬಾರದು ಅಂತ," ಎಂದಳು ನಿರ್ದೇಶಕ ಸೋಮಯಾಜಿಯವರ ಹತ್ತಿರ.

ಸೋಮಯಾಜಿ ಕೆಟ್ಟವರಲ್ಲ. ಬೇಜಾರಿನಿಂದಲೇ ತಲೆಯಾಡಿಸಿದರು. "ಹೋದ ವರ್ಷ ಕಾರವಾರದ ಕಡೆಗೆ ಎಚ್ಚರಿಕೆ ಕೊಟ್ಟೆವಲ್ಲಮ್ಮ, ಏನಾಯಿತು? ನಾಲಗೆ ಬರಲೇ ಇಲ್ಲ. ಜನ ಕೇಂದ್ರದ ಗೇಟಿಗೆ ಬಂದು ಉಗಿದು ಹೋದರು. ಖಚಿತ ಆಗದೆ ಯಾರೂ ಬಾಯಿ ಬಿಡಬಾರದು ಅಂತ ಮೇಲಿನಿಂದ ಆದೇಶ ಇದೆ. ಇನ್ನೆರಡು ದಿನ ನೋಡೋಣ."

ಎರಡು ದಿನ ನೋಡುವ ಹೊತ್ತಿಗೆ ದಡದಲ್ಲಿ ಒಂದು ಮೀನೂ ಉಳಿದಿರುವುದಿಲ್ಲ ಎಂದು ಸನ್ನಿಧಿಗೆ ಗೊತ್ತಿತ್ತು. ಅವಳು ಕಾರಿಡಾರಿಗೆ ಬಂದು ಮಾವನಿಗೆ ಫೋನ್ ಹಚ್ಚಿದಳು.

"ಮಾಮ, ದಡಕ್ಕೆ ಮೀನ್ ಬಂದಿತ್ತಾ?"

"ನಿಂಗ್ ಹ್ಯಾಂಗ್ ಗೊತ್ತಾಯ್ತ್ ಹೆಣೆ!" ಮಾವನ ದನಿಯಲ್ಲಿ ಹಬ್ಬವಿತ್ತು. "ಮೊಣಕಾಲ್ ನೀರಲ್ಲ್ ಬಂಗುಡೆ ಇತ್ತ್. ಏಡಿ ಎಲ್ಲ ಮರಳ್ ಮೇಲೆ ಹತ್ತಿ ಕೂತಿತ್ತ್. ನಿನ್ನ ಅತ್ತೆ ಬರೀ ಸೆರಗಲ್ಲೇ ಸಿಗಡಿ ಹಿಡ್ಕಂಡ್ ಬಂದಳ್ ಕಾಣ್! ನಮ್ಮ ಅಜ್ಜನ ಕಾಲದಲ್ಲೂ ಹೀಂಗ್ ಬಂದದ್ದ್ ಇಲ್ಲೆ. ಊರೆಲ್ಲ ದೋಣಿ ಹತ್ರ ನಿಂತಿತ್ತ್. ನೀರ್ ಒಂಚೂರ್ ಇಳೀಲಿ ಅಂತ ಕಾಯ್ತಾ ಇದ್ದೆ."

"ಬಲೆ ಹಾಕ್ಬೇಡಿ ಮಾಮ."

ಆ ಕಡೆಯಿಂದ ತೆರೆಯ ಸದ್ದು, ಯಾರೋ ಹೆಂಗಸರು ನಗುತ್ತಿದ್ದ ಸದ್ದು ಕೇಳುತ್ತಿತ್ತು.

"ಅದ್ ಖುಷಿಗೆ ಬಂದದ್ದಲ್ಲ. ಹಿಂದೆ ಇಪ್ಪು ನೀರಲ್ಲ್ ಉಸಿರಿಲ್ಲೆ, ಜೀವ ಉಳ್ಸ್‌ಕಂಬುಕೆ ಓಡಿ ಬಂದದ್ದ್. ಇಡೀ ಕರಾವಳಿಯ ಬೀಜ ಮಾಮ ಅದ್, ಹೊಟ್ಟೆಲಿ ಮೊಟ್ಟೆ ಇತ್ತ್. ಗಾಳಿ ನಿಂತ ಮೇಲೆ ತಾನಾಗೇ ವಾಪಸ್ ಹೋತ್ತ್. ಈಗ ಬಾಚಿದ್ರೆ ಮುಂದೆ ವರ್ಷಗಟ್ಲೆ ಎಂತದೂ ಇಲ್ಲೆ."

"ಹೆಣೆ," ಎಂದ ಮಾವ ನಿಧಾನವಾಗಿ, "ಕಡಲಮ್ಮ ತಾನೇ ಬಂದ್ ಬಡಿಸಿದ್ದ್ ಇದ್. ಬಡಿಸಿದ ಎಲೆ ಬಿಟ್ಟ್ ಏಳುದಾ? ಊರಿಗೆ ನಾ ಎಂತ ಹೇಳುದ್?"

"ನನ್ನ ಹೆಸರ್ ಮಾತ್ರ ಹೇಳ್ಬೇಡಿ. ಇಲ್ಲಿ ಕೆಲಸ ಹೋತ್ತ್."

"ನೀ ಹೇಳುದ್ ಖಾತ್ರಿಯಾ?"

ಆಫೀಸಿನಲ್ಲಿ ಅವಳು ಯಾವತ್ತೂ ಆ ಪದ ಬಳಸಿದವಳಲ್ಲ. ಅಲ್ಲಿ ಎಲ್ಲವೂ ನೂರಕ್ಕೆ ಇಷ್ಟು ಪಾಲು ಸಾಧ್ಯತೆ. ಈ ಲೆಕ್ಕಕ್ಕೂ ಒಂದು ಅಂಕಿ ಇತ್ತು, ಒಳ್ಳೆಯ ಅಂಕಿಯೇ. ಆದರೆ ಬಲೆಗಾಗಿ ಕಾದು ನಿಂತ ಊರಿನ ಎದುರು ಮಾವ ಒಂದು ಅಂಕಿ ಹಿಡಿದುಕೊಂಡು ಹೇಗೆ ನಿಂತಾನು?

"ಖಾತ್ರಿ ಮಾಮ," ಎಂದಳು.

"ಹಂಗಾರೆ ಆಯ್ತ್," ಎಂದ ಮಾವ.

ಹೊಳೆಕೋಡಿಯಲ್ಲಿ ಹೊಳೆ ಕಡಲು ಸೇರುವ ಅಳಿವೆಯ ಬಾಯಿಯಲ್ಲಿ ಕೇಂದ್ರದ ಒಂದು ಕ್ಯಾಮೆರಾ ಇದೆ. ಅದರ ಚಿತ್ರ ಪರದೆಯ ಮೂಲೆಯಲ್ಲಿ ಸದಾ ಸಣ್ಣದಾಗಿ ಓಡುತ್ತಿರುತ್ತದೆ, ದನಿ ಇಲ್ಲ. ಸನ್ನಿಧಿ ಅದನ್ನು ದೊಡ್ಡದು ಮಾಡಿ ನೋಡಿದಳು. ದೋಣಿಯ ಮುಂದೆ ಮಾವ ನಿಂತಿದ್ದ. ಬೈರಾಸು ಹೆಗಲ ಮೇಲಿರಲಿಲ್ಲ, ಸೊಂಟಕ್ಕೆ ಬಿಗಿದಿತ್ತು. ಇವತ್ತು ಬಲೆಯಿಲ್ಲ ಎನ್ನುವುದಕ್ಕೆ ತಾಂಡೇಲರು ಹಾಗೆ ಮಾಡುತ್ತಾರೆ. ಗಂಡಸರು ಕೈ ಬೀಸಿ ಬೀಸಿ ಜಗಳ ಆಡುತ್ತಿದ್ದರು. ಪದ್ದಕ್ಕ ಖಾಲಿ ಬುಟ್ಟಿಯನ್ನು ಅವನ ಕಾಲ ಬುಡದಲ್ಲಿ ಬೋರಲು ಹಾಕಿ ಹೋದಳು. ಯುವಕರ ಪೈಕಿ ರತ್ನಾಕರ ಎಂಬವನು ದೋಣಿಗೆ ಹೆಗಲು ಕೊಟ್ಟು ನೂಕಲು ನೋಡಿದ; ಮಾವ ಅವನ ಎದೆಗೆ ಅಂಗೈ ಇಟ್ಟು ತಡೆದ. ಆ ಮೇಲೆ ಯಾರೂ ದೋಣಿ ಮುಟ್ಟಲಿಲ್ಲ. ಮೈಯಲ್ಲಿ ಎಷ್ಟೇ ಸಿಟ್ಟಿದ್ದರೂ ತಾಂಡೇಲನ ಮಾತು ಮೀರಿದ ಬಲೆಗೆ ಹಗ್ಗ ಎಳೆಯುವವರು ಹೊಳೆಕೋಡಿಯಲ್ಲಿ ಹುಟ್ಟಿರಲಿಲ್ಲ.

ಮರುದಿನವೂ ಅವನು ಅಲ್ಲೇ ನಿಂತಿದ್ದ. ಅದರ ಮರುದಿನವೂ. ಸನ್ನಿಧಿ ಊಟ ಬಿಟ್ಟು ಆ ಚಿತ್ರ ನೋಡುತ್ತಿದ್ದಳು. ತೆರೆಯ ಬೆನ್ನಿನಲ್ಲಿ ಮೀನುಗಳು ಬೆಳ್ಳಗೆ ಹೊಳೆಯುವುದು ಅಲ್ಲಿಂದಲೂ ಕಾಣುತ್ತಿತ್ತು. ಬದುಕಿವೆ, ಇನ್ನೂ ಬದುಕಿವೆ ಎಂದುಕೊಳ್ಳುತ್ತಿದ್ದಳು.

ಆದರೆ ಘಟ್ಟದ ಮೇಲೆ ಬಿಟ್ಟೂಬಿಡದ ಮಳೆ ಶುರುವಾಗಿತ್ತು. ಮಳೆಗಾಲ ಮುಗಿಯಿತು ಎಂದು ಎಲ್ಲರೂ ಕೊಡೆ ಒಣಗಿಸಿ ಇಟ್ಟ ಮೇಲೆ ಬಂದ ಮಳೆ. ಹೊಳೆ ಕೆಂಪಾಗಿ ತುಂಬಿ ಅಳಿವೆಗೆ ಬಂದು ಕಡಲಿಗೆ ಸುರಿಯಿತು. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ಹಾಲಿನ ಕೆನೆಯಂತೆ ಹರಡಿಕೊಂಡಿತು. ಕೆನೆ ಕಟ್ಟಿದ ಮೇಲೆ ಅಲೆ ಎಷ್ಟು ಹೊಡೆದರೂ ಮೇಲಿನ ಗಾಳಿ ಕೆಳಗಿನ ನೀರಿಗೆ ಇಳಿಯುವುದಿಲ್ಲ. ಸನ್ನಿಧಿಯ ಲೆಕ್ಕದಲ್ಲಿ ಗಾಳಿಯಿತ್ತು, ಆಳವಿತ್ತು, ಉಷ್ಣತೆಯಿತ್ತು. ಕಾಲ ತಪ್ಪಿ ಬರುವ ಹೊಳೆ ಇರಲಿಲ್ಲ. ನೀರು ಅಳೆಯಲು ಅಳಿವೆಯಲ್ಲಿ ಇಟ್ಟಿದ್ದ ತೇಲುಯಂತ್ರದಲ್ಲಿ ಉಪ್ಪಿನ ಪ್ರಮಾಣ ಸರಸರನೆ ಇಳಿಯುವುದನ್ನು ನೋಡಿದಾಗ ಅವಳಿಗೆ ಮುಂದಿನದು ತಿಳಿಯಿತು. ನೇರಳೆ ನಾಲಗೆ ಆ ಕೆನೆಯ ಅಡಿಯಲ್ಲಿ ನುಸುಳಿ ದಡದವರೆಗೂ ಬರುತ್ತದೆ. ಮೀನಿಗೆ ಇನ್ನು ಓಡಲು ಜಾಗವಿಲ್ಲ.

ಫೋನ್ ಹಚ್ಚಿದಳು. ಮಾವನ ಫೋನು ಮನೆಯಲ್ಲೇ ಇತ್ತು, ಲೀಲಾವತಿ ಅತ್ತೆ ಎತ್ತಿಕೊಂಡಳು.

"ಅತ್ತೆ, ಮಾಮಂಗೆ ಹೇಳಿ, ಈಗಳೇ ಬಲೆ ಹಾಕುಕೆ! ಸಿಕ್ಕಿದಷ್ಟ್ ಸಿಕ್ಲಿ, ಓಡಿ ಅತ್ತೆ!"

ಮಂಡಿನೋವಿನ ಅತ್ತೆ ಓಡಿದಳು. ಕ್ಯಾಮೆರಾದಲ್ಲಿ ಅವಳು ಕುಂಟುತ್ತ ಮರಳಿಗಿಳಿಯುವುದನ್ನು ಸನ್ನಿಧಿ ನೋಡಿದಳು. ಆದರೆ ಮಾವ ಆಗಲೇ ನೀರಿನೊಳಗೆ ಸೊಂಟದವರೆಗೆ ಇಳಿದು ನಿಂತಿದ್ದ. ಅವನ ಸುತ್ತ ತೆರೆಯ ತುಂಬ ಬಿಳಿ ಹೊಟ್ಟೆಗಳು ತೇಲುತ್ತಿದ್ದವು. ಅವನು ಎರಡೂ ಕೈಯಿಂದ ಮೀನುಗಳನ್ನು ಎತ್ತಿ ಮತ್ತೆ ನೀರಿಗೆ ಬಿಡುತ್ತಿದ್ದ, ಬಿಟ್ಟರೆ ಈಜಿಯಾವು ಎನ್ನುವವನ ಹಾಗೆ. ಅವು ಮಗುಚಿಕೊಳ್ಳುತ್ತಿದ್ದವು.

ಸಂಜೆಯ ಹೊತ್ತಿಗೆ ಹೊಳೆಕೋಡಿಯ ದಡದುದ್ದಕ್ಕೂ ಮೀನಿನ ಹೆಣ. ಕಪ್ಪಗೆ ಕೊಳೆತ ನೀರಿನಲ್ಲಿ ಸತ್ತದ್ದನ್ನು ತಿನ್ನಲಾಗದು, ಒಣಗಿಸಲಾಗದು. ಹಿಡಿದಿದ್ದರೆ ಊರು ಒಂದಿಡೀ ವರ್ಷ ಉಣ್ಣುತ್ತಿತ್ತು. ಬಿಟ್ಟದ್ದಕ್ಕೆ ಬೀಜವಾದರೂ ಉಳಿಯಬೇಕಿತ್ತು. ಎರಡೂ ಇಲ್ಲದೆ ಹೋಯಿತು.

ಅದೇ ವಾರ ಕೇಂದ್ರದಲ್ಲಿ ಸಿಹಿ ಹಂಚಿದರು. ನೂರಾರು ವರ್ಷಗಳಲ್ಲಿ ಮೊದಲ ಸಲ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹಿಂದಿನ ವರ್ಷಕ್ಕಿಂತ ಕೂದಲೆಳೆಯಷ್ಟು ಇಳಿದಿತ್ತು. ಅದು ಸುಳ್ಳಲ್ಲ. ಎಲ್ಲೋ ಮುಳುಗಬೇಕಾಗಿದ್ದ ದ್ವೀಪಗಳು ಮುಳುಗದೆ ಉಳಿಯುತ್ತವೆ, ಯಾವುದೋ ನಗರಗಳಲ್ಲಿ ಸೆಕೆಗೆ ಸಾಯಬೇಕಾಗಿದ್ದ ಮುದುಕರು ಸಾಯುವುದಿಲ್ಲ. ಸೋಮಯಾಜಿ ಕಣ್ಣು ಒದ್ದೆ ಮಾಡಿಕೊಂಡು ಎಲ್ಲರ ಕೈ ಕುಲುಕಿದರು. ಸನ್ನಿಧಿ ಪೇಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ರಜೆ ಕೇಳಿದಳು. ಹೊಳೆಕೋಡಿಯ ವರದಿಯನ್ನು ಅವಳು ಆಗಲೇ ಕೊಟ್ಟಿದ್ದಳು; ಅದು ಸಮಿತಿಯ ಮುಂದೆ ಹೋಗಬೇಕು, ಸಮಿತಿ ಕೂರಬೇಕು. ಕಬ್ಬಿಣದ ಹಡಗುಗಳು ಅಷ್ಟರಲ್ಲಿ ಮತ್ತೆ ಹೊರಟಿದ್ದವು.

ಊರಿಗೆ ಬಂದಾಗ ನಾತ ಇನ್ನೂ ಹೋಗಿರಲಿಲ್ಲ. ದಾರಿಯಲ್ಲಿ ಸಿಕ್ಕ ಪದ್ದಕ್ಕ ಅವಳ ಕೈ ಹಿಡಿದು ಅತ್ತಳು. "ನಿನ್ನ ಮಾಮಂಗೆ ಎಂತ ಆಯ್ತ್ ಹೆಣೆ? ದೇವರಂಥ ಮನಿಷ. ನೀರಿನ ಬಣ್ಣ ಸಮ ಇಲ್ಲೆ, ನನ್ನ ಮನಸ್ಸಿಗೆ ಬತ್ತಿಲ್ಲೆ ಅಂತ ಹೇಳಿ ತಡ್ದ. ಮತ್ತೆಂತ ಕೇಳಿರೂ ಬಾಯೇ ಬಿಡ್ಲಿಲ್ಲೆ. ವಯಸ್ಸಾಯ್ತ್, ತಲೆ ಓಡುದಿಲ್ಲೆ ಅಂತ್ರ್ ಎಲ್ಲ. ನೀ ಓದಿದವಳ್, ನೀ ಒಂಚೂರ್ ಬುದ್ಧಿ ಹೇಳ್."

ಹೆಸರು ಹೇಳಬೇಡಿ ಎಂದು ಸನ್ನಿಧಿ ಹೇಳಿದ್ದನ್ನು ಮಾವ ಅಕ್ಷರಶಃ ಪಾಲಿಸಿದ್ದ. ಮನೆಯಲ್ಲಿ ಅವನು ಜಗಲಿಯ ಮೇಲೆ ಕೂತು ಬಲೆಯ ಹರುಕು ಹೆಣೆಯುತ್ತಿದ್ದ. ಊಟ ಆಯಿತಾ ಎಂದಷ್ಟೇ ಕೇಳಿದ. ಅತ್ತೆಗೆ ಎಲ್ಲ ಗೊತ್ತಿತ್ತು. ಅವಳು ಗಂಜಿ ಬಡಿಸಿ ಪಕ್ಕದಲ್ಲಿ ಕೂತಳು. ಬೈದಿದ್ದರೆ ಸನ್ನಿಧಿಗೆ ಎಷ್ಟೋ ಹಗುರವಾಗುತ್ತಿತ್ತು.

ಮಾರನೆಯ ಸಂಜೆ ಭಜನಾ ಮಂದಿರದಲ್ಲಿ ಊರಿನ ಸಭೆ. ಹೊಸ ತಾಂಡೇಲನನ್ನು ಆರಿಸಬೇಕಿತ್ತು. ಯಾರೂ ಭುಜಂಗನಿಗೆ ಕೆಟ್ಟ ಮಾತಾಡಲಿಲ್ಲ. ಮುಂದಿನ ಸಾಲಿನಲ್ಲೇ ಕೂರಿಸಿದ್ದರು. ರತ್ನಾಕರ ತಲೆ ತಗ್ಗಿಸಿ ನಿಂತಿದ್ದ, ಹೆಸರು ಅವನದೇ ಎಂದು ಎಲ್ಲರಿಗೂ ಗೊತ್ತಿತ್ತು. ಇನ್ನೇನು ಮಾತು ಮುಗಿಯಬೇಕು ಎನ್ನುವಾಗ ಸನ್ನಿಧಿ ಎದ್ದು ನಿಂತಳು.

"ಬಲೆ ತಡೆದದ್ದ್ ಮಾಮ ಅಲ್ಲ, ನಾನ್," ಎಂದಳು. "ನಾನೇ ಫೋನ್ ಮಾಡಿ ಹಾಕ್ಬೇಡಿ ಅಂದದ್ದ್. ನನ್ನ ಹೆಸರ್ ಹೇಳ್ಬೇಡಿ ಅಂದದ್ದೂ ನಾನೇ. ನಾವ್ ಚೆಲ್ಲಿದ ಕಬ್ಬಿಣದಿಂದಲೇ ನೀರ್ ಉಸಿರ್ ಕಳ್ಕಂಡದ್ದ್. ಮೀನ್ ಉಳಿತ್ತ್ ಅಂತ ನಾ ಹಾಕಿದ ಲೆಕ್ಕ ತಪ್ಪಿತ್. ಮಾಮಂದ್ ಎಂತ ತಪ್ಪೂ ಇಲ್ಲೆ."

ಈಗ ಉಗಿಯುತ್ತಾರೆ, ಉಗಿಯಲಿ ಎಂದು ಅವಳು ಕಾದಳು. ಹಿರಿಯರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. ಪದ್ದಕ್ಕ ಸೆರಗಿನಿಂದ ಮೂಗು ಒರೆಸುತ್ತ ಪಕ್ಕದವಳಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು, "ಕಂಡ್ಯಾ? ಸಾಕಿದ ಮಾಮನ ಮರ್ಯಾದಿ ಉಳ್ಸುಕೆ ತಪ್ಪೆಲ್ಲ ತನ್ನ ತಲೆ ಮೇಲೆ ಹಾಕಂತಳ್. ಇಂಥ ಹೆಣ್ಣ್ ಯಾರ ಹೊಟ್ಟೆಲಿ ಹುಟ್ಟತ್ತ್!"

"ಹೌದ್ ಹೌದ್," ಎಂದವು ನಾಲ್ಕಾರು ದನಿಗಳು. ರತ್ನಾಕರ ಕೈಮುಗಿದು ಹೇಳಿದ, "ಅಕ್ಕ, ನೀವ್ ಕೂಕಣಿ. ಭುಜಂಗಣ್ಣನ ಮೇಲೆ ನಮ್ಗ್ ಯಾರಿಗೂ ಸಿಟ್ಟಿಲ್ಲೆ."

"ನಾ ಹೇಳ್ತಾ ಇಪ್ಪುದ್ ಸತ್ಯ! ಮಾಮ, ನೀವಾದ್ರೂ ಹೇಳಿ!"

ಭುಜಂಗ ಕೂತಲ್ಲಿಂದಲೇ ಒಮ್ಮೆ ಅವಳನ್ನು ನೋಡಿದ. ಆಮೇಲೆ ಸಭೆಯ ಕಡೆ ತಿರುಗಿ, "ಹೆಣ್ಣಿಗೆ ನನ್ನ ಮೇಲೆ ಪ್ರೀತಿ ಜಾಸ್ತಿ. ಅದರ ಮಾತ್ ಬಿಡಿ. ನೀರ್ ಕಂಡದ್ದೂ ನಾನ್, ತಡೆದದ್ದೂ ನಾನ್. ರತ್ನಾಕರಂಗೆ ಬೈರಾಸ್ ಕೊಡಿ," ಎಂದ.

ಕೊಟ್ಟರು.

ಮನೆಗೆ ಹೋಗುವ ದಾರಿ ಕಡಲ ಬದಿಯಲ್ಲೇ ಹೋಗುತ್ತದೆ. ಅರ್ಧ ದೂರ ನಡೆದ ಮೇಲೆ ಸನ್ನಿಧಿ ತಡೆಯಲಾರದೆ ಮಾವನನ್ನು ಕೇಳಿದಳು. "ಎಂತಕ್ಕೆ ಸುಳ್ಳ್ ಹೇಳಿದ್ರಿ ಮಾಮ? ನನ್ನ ಕೆಲಸದ ಆಸೆ ನಂಗಿಲ್ಲೆ ಈಗ. ನೀವ್ ಒಂದ್ ಮಾತ್ ಹೌದ್ ಅಂದಿದ್ರೆ ನಿಮ್ಮ ಮಾನ ಉಳಿತಿತ್."

"ನಿನ್ನ ಕೆಲಸಕ್ಕಲ್ಲ ಹೆಣೆ ನಾ ಹೇಳದ್ದ್," ಎಂದ ಮಾವ. "ನಾಳೆ ಇವ್ರೆಲ್ಲ ನೀರಿಗಿಳೀಕ್. ಯಾರ ಧೈರ್ಯದ ಮೇಲೆ ಇಳಿತ್ರ್? ಭುಜಂಗಂಗೆ ಬುದ್ಧಿ ಕೆಟ್ಟಿತ್ ಅಂದ್ರೆ ಮುಗೀತ್, ರತ್ನಾಕರ ಇದ್ದ. ಅಷ್ಟ್ ಓದಿದ ನಿಂಗೂ ಕಡಲ್ ತಿಳೀಲಿಲ್ಲೆ, ಹುಟ್ಟಿದಾಗಿಂದ ಕಂಡ ನಂಗೂ ತಿಳೀಲಿಲ್ಲೆ, ಇನ್ ಮುಂದೆ ಯಾರಿಗೂ ತಿಳಿಯುದಿಲ್ಲೆ ಅಂತ ಗೊತ್ತಾದ್ರೆ ಆ ಮಕ್ಳ್ ಯಾರನ್ನ್ ನಂಬಿ ದೋಣಿ ಹತ್ತುದ್?"

ಸನ್ನಿಧಿ ಕಡಲಿನ ಕಡೆ ತಿರುಗಿದಳು. ಇಳಿಹೊತ್ತಿನ ಬೆಳಕಿನಲ್ಲಿ ಕಡಲು ಎಂದಿನಂತೆಯೇ ಇತ್ತು. ತೆರೆ ಬರುತ್ತಿತ್ತು, ಹೋಗುತ್ತಿತ್ತು. ಒಂದು ಹಕ್ಕಿಯೂ ಇರಲಿಲ್ಲ.

"ಈಗಳ್ ನೀರ್ ಕಂಡ್ರೆ ನಿಮ್ಗ್ ಎಂತ ಅನ್ಸತ್ತ್ ಮಾಮ? ಮುಂದೆ ಮೀನ್ ಬಪ್ಪುದುಂಟಾ?"

ಮಾವ ನಿಂತ. ಹಣೆಗೆ ಕೈ ಅಡ್ಡ ಹಿಡಿದು, ಸಣ್ಣವಳಿದ್ದಾಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡುತ್ತಿದ್ದ ಹಾಗೆಯೇ, ಬಹಳ ಹೊತ್ತು ನೋಡಿದ.

"ಗೊತ್ತಿಲ್ಲೆ ಮಗಾ," ಎಂದ. "ಎಷ್ಟ್ ಕಂಡ್ರೂ ಬರೀ ನೀರ್ ಕಾಣತ್ತ್."

ಸನ್ನಿಧಿ ಅಲ್ಲೇ ಮರಳಿನ ಮೇಲೆ ಕೂತು ಮಗುವಿನಂತೆ ಅತ್ತಳು. ಮಾವ ಅವಳ ತಲೆ ಸವರುತ್ತ ಪಕ್ಕದಲ್ಲಿ ನಿಂತಿದ್ದ. ಆಮೇಲೆ, "ಏಳ್, ಅತ್ತೆ ಕಾಯ್ತಾ ಇರ್ತಳ್," ಎಂದು ಕೈ ಹಿಡಿದು ಎಬ್ಬಿಸಿದ.